ಲಾರಿ ಬುಕ್ ಮಾಡುವ ಮೊದಲು ಟ್ರಾನ್ಸ್‌ಪೋರ್ಟ್‌ನವರ ದಾಖಲೆ ನೋಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಒಂದು ಲೋಡ್ ಹೇಗೆ ಹೊರಡುತ್ತದೆ ಅಂತ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಪರಿಚಯದ ಬ್ರೋಕರ್‌ಗೆ ಫೋನ್. ಮಧ್ಯಾಹ್ನ ಬಾಡಿಗೆ ಫೈನಲ್. ಸಂಜೆ ವಾಟ್ಸಾಪ್‌ನಲ್ಲಿ ಒಂದು ಗಾಡಿ ನಂಬರ್ ಬರುತ್ತದೆ, ರಾತ್ರಿ ಎಂಟಕ್ಕೆ ಗೇಟ್ ಮುಂದೆ ಲಾರಿ ನಿಂತಿರುತ್ತದೆ, ಹಮಾಲರು ಕಾಯುತ್ತಿರುತ್ತಾರೆ, ಆ ಕಡೆಯಿಂದ ಕಸ್ಟಮರ್ ಒಂದೇ ಸಮ ಫೋನ್ ಮಾಡುತ್ತಿರುತ್ತಾರೆ. ಆ ಗಡಿಬಿಡಿಯಲ್ಲಿ ದಾಖಲೆ ನೋಡುವವರು ಯಾರು? ಸುಮ್ನೆ ಲೋಡ್ ಮಾಡಿ ಕಳಿಸಿಬಿಡುತ್ತೇವೆ.

ಇದರಲ್ಲಿ ಒಂದು ವಿಷಯ ಮೊದಲು ತಿಳಿದುಕೊಳ್ಳಿ. ನೀವು ಫೋನಿನಲ್ಲಿ ಮಾತಾಡಿದವರು ಒಬ್ಬರು, ಲಾರಿಯ ಮಾಲೀಕರು ಇನ್ನೊಬ್ಬರು, ಓಡಿಸುವ ಡ್ರೈವರ್ ಮತ್ತೊಬ್ಬರು. ದೊಡ್ಡ ಬೋರ್ಡ್ ಹಾಕಿಕೊಂಡಿರುವ ಟ್ರಾನ್ಸ್‌ಪೋರ್ಟ್ ಕಂಪನಿ ಕೂಡ ಎಷ್ಟೋ ಸಲ ಹೊರಗಿನ ಲಾರಿಯನ್ನು ಹಿಡಿದು ಕಳಿಸುತ್ತದೆ. ಕಂಪನಿ ಹೆಸರು ಚೆನ್ನಾಗಿದೆ ಅಂದ ಮಾತ್ರಕ್ಕೆ ನಿಮ್ಮ ಗೇಟಿಗೆ ಬಂದ ಲಾರಿ ಚೆನ್ನಾಗಿದೆ ಅಂತ ಆಗುವುದಿಲ್ಲ. ಅಮೆರಿಕದಲ್ಲಿ ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಮಾಲು ಸಾಗಿಸುವ ಲಾರಿ ಕಂಪನಿಗಳಿಗೆ ಅಲ್ಲಿನ ಸಾರಿಗೆ ಇಲಾಖೆ ಕೊಟ್ಟ ಒಂದು ನಂಬರ್ ಇರುತ್ತದೆ. ಅದನ್ನು ಸರ್ಕಾರದ ಸೈಟಿನಲ್ಲಿ ಹಾಕಿದರೆ ಹಿಂದಿನ 24 ತಿಂಗಳ ಅಪಘಾತಗಳು, ತಪಾಸಣೆಯಲ್ಲಿ ಎಷ್ಟು ಗಾಡಿಗಳನ್ನು ರಸ್ತೆಯಿಂದ ಇಳಿಸಿದರು ಅನ್ನುವುದೆಲ್ಲ ಒಂದೇ ಪುಟದಲ್ಲಿ ಬರುತ್ತದೆ. ನಮ್ಮಲ್ಲಿ ಅಂಥ ಪುಟ ಇಲ್ಲ. ಆದರೆ ಮಾಹಿತಿ ಇದೆ, ನಾಲ್ಕಾರು ಕಡೆ ಹರಡಿಕೊಂಡಿದೆ ಅಷ್ಟೇ. ಕಂಪನಿ, ಲಾರಿ, ಡ್ರೈವರ್ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು.

2024ರ ಡಿಸೆಂಬರ್ 21ರಂದು ನೆಲಮಂಗಲದ ಹತ್ತಿರ ಕಂಟೇನರ್ ಲಾರಿ ಕಾರಿನ ಮೇಲೆ ಉರುಳಿ ಒಂದೇ ಮನೆಯ ಆರು ಜನ ಹೋದರು. ನಮ್ಮ ಲೋಡ್‌ಗಳೂ ಅದೇ ತುಮಕೂರು ರಸ್ತೆಯಲ್ಲಿ ಹೋಗುತ್ತವೆ, ನಮ್ಮ ಮನೆಯವರೂ ಅದೇ ರಸ್ತೆಯಲ್ಲಿ ಊರಿಗೆ ಹೋಗುತ್ತಾರೆ. ನಾವು ಬಾಡಿಗೆ ಕೊಟ್ಟು ರಸ್ತೆಗೆ ಇಳಿಸುವ ಲಾರಿ ಹೇಗಿದೆ ಅಂತ ನೋಡುವುದು ನಮ್ಮ ಕೆಲಸವೇ. ಬರೀ ಮಾಲು ಉಳಿಸಿಕೊಳ್ಳುವ ಲೆಕ್ಕ ಸಾಲದು.

ಹಂತ 1: ಫೋನಿನಲ್ಲಿ ಬಾಡಿಗೆ ಮಾತಾಡುವ ಮೊದಲೇ ಕೇಳಿ

ರೇಟ್ ಫೈನಲ್ ಆದ ಮೇಲೆ ದಾಖಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಮೊದಲೇ ಒಂದು ಮೆಸೇಜ್ ಹಾಕಿಬಿಡಿ. ನಾನು ಹಾಕುವುದು ಹೀಗೆ:

"ಅಣ್ಣಾ, ಕಂಪನಿ ಪೂರ್ತಿ ಹೆಸರು, ಜಿಎಸ್‌ಟಿ ನಂಬರ್ ಅಥವಾ ಟ್ರಾನ್ಸ್‌ಪೋರ್ಟರ್ ಐಡಿ, ಕಾಮನ್ ಕ್ಯಾರಿಯರ್ ರಿಜಿಸ್ಟ್ರೇಷನ್ ಕಾಪಿ, ಒಂದು ಖಾಲಿ ಎಲ್‌ಆರ್ ಫೋಟೋ ಕಳಿಸಿ. ಗಾಡಿ ನಂಬರ್, ಆರ್‌ಸಿ, ಡ್ರೈವರ್ ಡಿಎಲ್ ಲೋಡಿಂಗ್‌ಗೆ ನಾಲ್ಕು ಗಂಟೆ ಮುಂಚೆ ಬೇಕು. ಗಾಡಿ ಬದಲಾದರೆ ಹೊಸದಾಗಿ ಕಳಿಸಬೇಕು."

ಎಲ್‌ಆರ್ ಅಂದರೆ ಲಾರಿ ರಸೀದಿ, ಮಾಲು ತೆಗೆದುಕೊಂಡಿದ್ದಕ್ಕೆ ಟ್ರಾನ್ಸ್‌ಪೋರ್ಟ್‌ನವರು ಕೊಡುವ ಚೀಟಿ. ಸರಿಯಾದವರು ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ, ಏಕೆಂದರೆ ದೊಡ್ಡ ಫ್ಯಾಕ್ಟರಿಗಳು ದಿನಾ ಕೇಳುತ್ತವೆ. "ಅದೆಲ್ಲ ಯಾಕೆ ಸಾರ್, ಗಾಡಿ ಬಂದ ಮೇಲೆ ನೋಡ್ಕೊಳ್ಳಿ" ಅನ್ನುವವರು ಮೊದಲ ಉತ್ತರದಲ್ಲೇ ತಮ್ಮ ಬಗ್ಗೆ ಹೇಳಿಬಿಟ್ಟಿರುತ್ತಾರೆ. ದಾಖಲೆ ಯಾವುದೂ ಕಳಿಸದೆ ಡೀಸೆಲ್‌ಗೆ ಅಂತ ಅಡ್ವಾನ್ಸ್ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹಂತ 2: ಜಿಎಸ್‌ಟಿ ನಂಬರ್ ಓದುವುದು

ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ "ಸರ್ಚ್ ಟ್ಯಾಕ್ಸ್‌ಪೇಯರ್" ಅಂತ ಇದೆ. ನಂಬರ್ ಹಾಕಿದರೆ ಕಾನೂನು ಪ್ರಕಾರದ ಹೆಸರು, ವ್ಯಾಪಾರದ ಹೆಸರು, ನೋಂದಣಿ ಆದ ದಿನ, ವಿಳಾಸ, ಸ್ಟೇಟಸ್ ಎಲ್ಲ ಬರುತ್ತದೆ. ಸ್ಟೇಟಸ್ ಆ್ಯಕ್ಟಿವ್ ಇರಬೇಕು. ಕ್ಯಾನ್ಸಲ್ ಅಥವಾ ಸಸ್ಪೆಂಡ್ ಆಗಿದ್ದರೆ ಮುಂದಕ್ಕೆ ಹೋಗುವುದೇ ಬೇಡ. ರಿಟರ್ನ್ ಫೈಲ್ ಮಾಡಿದ ಪಟ್ಟಿಯೂ ಅಲ್ಲೇ ಸಿಗುತ್ತದೆ. ತಿಂಗಳುಗಟ್ಟಲೆ ಫೈಲ್ ಆಗಿಲ್ಲ ಅಂದರೆ ಕಂಪನಿ ಕುಂಟುತ್ತಿದೆ ಅಂತಲೇ ಅರ್ಥ.

ನಂಬರ್ ನೋಡಿದರೇ ಕೆಲವು ವಿಷಯ ಗೊತ್ತಾಗುತ್ತದೆ. ಒಟ್ಟು 15 ಅಕ್ಷರ. ಮೊದಲ ಎರಡು ರಾಜ್ಯದ ಕೋಡ್, ಕರ್ನಾಟಕಕ್ಕೆ 29. ಮುಂದಿನ ಹತ್ತು ಅವರ ಪ್ಯಾನ್ ನಂಬರ್. ಆ ಪ್ಯಾನ್‌ನ ನಾಲ್ಕನೇ ಅಕ್ಷರ ಪಿ ಆಗಿದ್ದರೆ ಒಬ್ಬ ವ್ಯಕ್ತಿಯ ವ್ಯವಹಾರ, ಎಫ್ ಆಗಿದ್ದರೆ ಪಾಲುದಾರಿಕೆ, ಸಿ ಆಗಿದ್ದರೆ ಕಂಪನಿ. ವಿಸಿಟಿಂಗ್ ಕಾರ್ಡಿನಲ್ಲಿ "ಪ್ರೈವೇಟ್ ಲಿಮಿಟೆಡ್" ಅಂತ ಹಾಕಿಕೊಂಡು ಪ್ಯಾನ್‌ನಲ್ಲಿ ಪಿ ಇದ್ದರೆ, ಹೆಸರಲ್ಲೇ ಸುಳ್ಳಿದೆ. "ನಾವು ಇಪ್ಪತ್ತು ವರ್ಷದಿಂದ ಫೀಲ್ಡಲ್ಲಿದ್ದೀವಿ" ಅನ್ನುವವರ ನೋಂದಣಿ ಮೂರು ತಿಂಗಳ ಹಿಂದಿನದ್ದಾದರೆ ಅದಕ್ಕೂ ಕಾರಣ ಕೇಳಿ.

ಒಂದು ಮಾತು. ಜಿಎಸ್‌ಟಿ ನಂಬರ್ ಇಲ್ಲ ಅಂದ ತಕ್ಷಣ ಮೋಸಗಾರರು ಅಂದುಕೊಳ್ಳಬೇಡಿ. ಬಾಡಿಗೆ ಕೊಡುವವರೇ ತೆರಿಗೆ ಕಟ್ಟುವ ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಮಾತ್ರ ಕೆಲಸ ಮಾಡುವ ಟ್ರಾನ್ಸ್‌ಪೋರ್ಟ್‌ನವರಿಗೆ ನೋಂದಣಿ ಕಡ್ಡಾಯ ಅಲ್ಲ. ಅಂಥವರು ಇ-ವೇ ಬಿಲ್ (ಮಾಲು ಸಾಗಿಸಲು ಆನ್‌ಲೈನ್‌ನಲ್ಲಿ ಮಾಡುವ ಜಿಎಸ್‌ಟಿ ಬಿಲ್) ಪೋರ್ಟಲ್‌ನಲ್ಲಿ ಟ್ರಾನ್ಸ್‌ಪೋರ್ಟರ್ ಐಡಿ ಮಾಡಿಸಿಕೊಂಡಿರುತ್ತಾರೆ. ಅದೂ 15 ಅಂಕಿಯದ್ದೇ, ಅದೇ ಪೋರ್ಟಲ್‌ನ ಸರ್ಚ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಎರಡೂ ಇಲ್ಲದವರಿಗೆ ಲೋಡ್ ಕೊಡಬೇಡಿ.

ಹಂತ 3: ಕಾಮನ್ ಕ್ಯಾರಿಯರ್ ನೋಂದಣಿ

ಇದನ್ನು ಕೇಳುವವರೇ ಕಡಿಮೆ, ಆದರೆ ನಿಜವಾದ ಸಾರಿಗೆ ನೋಂದಣಿ ಅಂದರೆ ಇದೇ. 1865ರ ಹಳೇ ಕಾಯ್ದೆ ತೆಗೆದು 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆ ತಂದರು, ಅದು 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕರ ಮಾಲನ್ನು ಬಾಡಿಗೆಗೆ ಸಾಗಿಸುವ ಯಾರೇ ಆಗಲಿ, ಸಾರಿಗೆ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಲೇಬೇಕು. ಬುಕಿಂಗ್ ಏಜೆಂಟ್, ಬ್ರೋಕರ್, ಕೊರಿಯರ್‌ನವರು ಕೂಡ ಇದರೊಳಗೆ ಬರುತ್ತಾರೆ. "ನಾನು ಬರೀ ಬ್ರೋಕರ್ ಸಾರ್, ನನಗೆ ಅದು ಬೇಕಾಗಿಲ್ಲ" ಅನ್ನುವ ಮಾತು ಕಾಯ್ದೆ ಮುಂದೆ ನಿಲ್ಲುವುದಿಲ್ಲ. ನೋಂದಣಿ 10 ವರ್ಷ ನಡೆಯುತ್ತದೆ.

ಸರ್ಟಿಫಿಕೇಟ್ ಕಾಪಿ ತರಿಸಿಕೊಂಡು ಹೆಸರು, ವಿಳಾಸ, ಅವಧಿ ಮೂರನ್ನೂ ಜಿಎಸ್‌ಟಿ ವಿವರದ ಜೊತೆ ತಾಳೆ ನೋಡಿ. ಅನುಮಾನ ಬಂದರೆ ಸರ್ಟಿಫಿಕೇಟ್ ಕೊಟ್ಟ ಆರ್‌ಟಿಒ ಕಚೇರಿಯಲ್ಲೇ ವಿಚಾರಿಸಿ. ಒಂದೆರಡು ಗಾಡಿ ಇಟ್ಟುಕೊಂಡ ಸಣ್ಣವರಲ್ಲಿ ಎಷ್ಟೋ ಜನರ ಹತ್ತಿರ ಇದು ಇರುವುದಿಲ್ಲ, ಅದು ವಾಸ್ತವ. ಲೋಕಲ್ ಟ್ರಿಪ್‌ಗೆ ನೀವು ಹೇಗೆ ತೀರ್ಮಾನಿಸುತ್ತೀರೋ ನಿಮಗೆ ಬಿಟ್ಟಿದ್ದು. ಹೊರ ರಾಜ್ಯಕ್ಕೆ, ವರ್ಷಪೂರ್ತಿ ಲೋಡ್ ಕೊಡುವವರಿಗೆ ಮಾತ್ರ ಇದು ಇರಲೇಬೇಕು ಅಂತ ನನ್ನ ಹಟ.

"ಐಬಿಎ ಅಪ್ರೂವ್ಡ್" ಅಂತ ಲೆಟರ್‌ಹೆಡ್‌ನಲ್ಲಿ ಹಾಕಿಕೊಂಡಿರುತ್ತಾರಲ್ಲ, ಅದು ಬ್ಯಾಂಕುಗಳ ಸಂಘ ಕೊಡುವ ಮಾನ್ಯತೆ. ಅದಕ್ಕೂ ಅವಧಿ ಇದೆ, ಸಂಘವೇ ಪಟ್ಟಿ ಇಟ್ಟಿರುತ್ತದೆ. ಪಟ್ಟಿಯಲ್ಲಿ ಹೆಸರು ನೋಡದೆ ಮುದ್ರೆಯನ್ನು ನಂಬಬೇಡಿ.

ಹಂತ 4: ಕೇಸುಗಳು

ಪ್ರೈವೇಟ್ ಲಿಮಿಟೆಡ್ ಆಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಕಂಪನಿಯ ವಿವರ ನೋಡಿ, ಆ್ಯಕ್ಟಿವ್ ಇದೆಯಾ, ಹೆಸರು ತೆಗೆದುಹಾಕಿದ್ದಾರಾ ಗೊತ್ತಾಗುತ್ತದೆ. ಅದಕ್ಕಿಂತ ಉಪಯೋಗದ್ದು ಇ-ಕೋರ್ಟ್ಸ್ ಸೈಟ್. ಬೆಂಗಳೂರಿನಲ್ಲಿ ಮೋಟಾರು ಅಪಘಾತದ ಪರಿಹಾರದ ಕೇಸುಗಳು ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ನಡೆಯುತ್ತವೆ. ಲಾರಿ ಮಾಲೀಕರನ್ನೂ ಇನ್ಶೂರೆನ್ಸ್ ಕಂಪನಿಯನ್ನೂ ಅದರಲ್ಲಿ ಪಾರ್ಟಿ ಮಾಡುತ್ತಾರೆ. ಪಾರ್ಟಿ ಹೆಸರಲ್ಲಿ ಹುಡುಕಿದರೆ ಕಂಪನಿಯ ಮೇಲೆ ಏನಿದೆ ಕಾಣುತ್ತದೆ. ನೂರಾರು ಲಾರಿ ಓಡಿಸುವವರ ಮೇಲೆ ಒಂದೆರಡು ಕೇಸ್ ಇರುವುದು ಸಹಜ. ಐದಾರು ಲಾರಿಯವರ ಮೇಲೆ ವರ್ಷ ವರ್ಷ ಹೊಸ ಕೇಸ್ ಇದ್ದರೆ ಯೋಚನೆ ಮಾಡಿ. ಹೆಸರಿನ ಸ್ಪೆಲಿಂಗ್ ಎರಡು ಮೂರು ಥರ ಹಾಕಿ ನೋಡಿ, ಒಂದೇ ಸಲಕ್ಕೆ ಸಿಗುವುದು ಅಪರೂಪ.

ಹಂತ 5: ಗಾಡಿ ನಂಬರ್, ಇದೇ ಮುಖ್ಯ

ಇಲ್ಲಿಯವರೆಗಿನದ್ದು ಒಂದು ಸಲ ನೋಡಿದರೆ ಆರು ತಿಂಗಳಿಗೆ ಸಾಕು. ಇಲ್ಲಿಂದ ಮುಂದಿನದ್ದು ಪ್ರತಿ ಲೋಡ್‌ಗೂ ಮಾಡಬೇಕು.

ಎಂ-ಪರಿವಾಹನ್ ಆ್ಯಪ್ ಹಾಕಿಕೊಳ್ಳಿ, ಇಲ್ಲ ಅಂದರೆ ವಾಹನ್ ಪೋರ್ಟಲ್‌ನಲ್ಲಿ "ನೋ ಯುವರ್ ವೆಹಿಕಲ್ ಡೀಟೇಲ್ಸ್"ಗೆ ಹೋಗಿ ಮೊಬೈಲ್ ನಂಬರ್‌ನಿಂದ ಲಾಗಿನ್ ಆಗಿ. ಗಾಡಿ ನಂಬರ್ ಹಾಕಿದರೆ ಯಾವ ಆರ್‌ಟಿಒ, ಯಾವ ಮಾಡೆಲ್, ರಿಜಿಸ್ಟರ್ ಆದ ದಿನ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್, ಟ್ಯಾಕ್ಸ್, ಎಮಿಷನ್ ಎಲ್ಲಿಯವರೆಗೆ ಇದೆ ಅಂತ ತೋರಿಸುತ್ತದೆ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತಾರೆ. ಅವರು ಕಳಿಸಿದ ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಕಾಣುವ ಅಕ್ಷರಗಳು ಹೊಂದುತ್ತವೆಯಾ ನೋಡಿ.

ಎಫ್‌ಸಿ ಮೊದಲು ನೋಡಿ. ಎಂಟು ವರ್ಷದವರೆಗಿನ ಗಾಡಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಮಾಡಿಸಬೇಕು. ಎಫ್‌ಸಿ ಮುಗಿದ ಗಾಡಿ ಅಂದರೆ ಬ್ರೇಕು, ಲೈಟು, ಸ್ಟೀರಿಂಗ್ ಯಾರೂ ನೋಡಿಲ್ಲ ಅಂತ. "ನಾಳೆ ಮಾಡಿಸ್ತೀವಿ ಸಾರ್" ಅನ್ನುತ್ತಾರೆ, ಹಾಗಾದರೆ ಲೋಡ್ ಕೂಡ ಆಮೇಲೆ ಕೊಡೋಣ. ಟ್ರಿಪ್ ಮುಗಿಯುವ ದಿನಕ್ಕೂ ಅವಧಿ ಇರಬೇಕು, ಹೊರಡುವ ದಿನಕ್ಕೆ ಇದ್ದರೆ ಸಾಲದು. ಗುವಾಹಟಿಗೆ ಹೋಗುವ ಲಾರಿಯ ಇನ್ಶೂರೆನ್ಸ್ ಮೂರು ದಿನದಲ್ಲಿ ಮುಗಿದರೆ ಏನು ಮಾಡುತ್ತೀರಿ?

ಹೊರ ರಾಜ್ಯಕ್ಕಾದರೆ ನ್ಯಾಷನಲ್ ಪರ್ಮಿಟ್ ಚಾಲ್ತಿಯಲ್ಲಿದೆಯಾ ನೋಡಿ. ಒಟ್ಟು ತೂಕ 3,000 ಕೆಜಿ ಮೀರದ ಟಾಟಾ ಏಸ್ ಥರದ ಸಣ್ಣ ಗಾಡಿಗಳಿಗೆ ಪರ್ಮಿಟ್ ಬೇಕಿಲ್ಲ, ಅವರನ್ನು ಸುಮ್ನೆ ಕೇಳಿ ಸತಾಯಿಸಬೇಡಿ. ಬೋರ್ಡ್ ಮಾತ್ರ ಹಳದಿ ಇರಲೇಬೇಕು, ಎಲೆಕ್ಟ್ರಿಕ್ ಆದರೆ ಹಸಿರಿನ ಮೇಲೆ ಹಳದಿ ಅಕ್ಷರ. ವೈಟ್ ಬೋರ್ಡ್ ಗಾಡಿಯಲ್ಲಿ ಬಾಡಿಗೆ ಮಾಲು ಹಾಕಬೇಡಿ.

ಇನ್ನು ತೂಕ. ಆರ್‌ಸಿಯಲ್ಲಿ ಎರಡು ಅಂಕಿ ಇರುತ್ತವೆ, ಖಾಲಿ ಗಾಡಿಯ ತೂಕ ಮತ್ತು ಲೋಡ್ ಸೇರಿ ಒಟ್ಟು ತೂಕ. ಕಳೆದರೆ ಬರುವುದೇ ನೀವು ಹಾಕಬಹುದಾದ ಲೋಡ್. ಉದಾಹರಣೆಗೆ ಆರು ಚಕ್ರದ ಒಂದು ಲಾರಿಯ ಒಟ್ಟು ತೂಕ 18,500 ಕೆಜಿ, ಖಾಲಿ ತೂಕ 7,000 ಕೆಜಿ ಅಂತಿಟ್ಟುಕೊಳ್ಳಿ. ಉಳಿಯುವುದು ಹನ್ನೊಂದೂವರೆ ಟನ್. "ಹದಿನಾಲ್ಕು ಹಾಕಿ ಸಾರ್, ಏನೂ ಆಗಲ್ಲ, ನಾವು ನೋಡ್ಕೋತೀವಿ" ಅಂದರೆ ಆ ಎರಡೂವರೆ ಟನ್ ಘಾಟಿ ಇಳಿಯುವಾಗ ಬ್ರೇಕಿನ ಮೇಲೆ ಕೂತಿರುತ್ತದೆ. ಕೇಂದ್ರದ ಮೋಟಾರು ವಾಹನ ಕಾಯ್ದೆಯಲ್ಲಿ ಓವರ್‌ಲೋಡ್‌ಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್‌ಗೆ 2,000 ದಂಡ ಇದೆ, ಜಾಸ್ತಿ ಇರುವ ಮಾಲನ್ನು ಅಲ್ಲೇ ಇಳಿಸಬೇಕು. ಓಡಿಸಿದವರ ಜೊತೆಗೆ ಓಡಿಸಲು ಕಾರಣರಾದವರೂ ಆ ಸೆಕ್ಷನ್‌ನಲ್ಲಿ ಬರುತ್ತಾರೆ. ಹತ್ತಿರದ ತೂಕದ ಕಾಟಾದಲ್ಲಿ ಖಾಲಿ ಒಂದು ಸಲ, ಲೋಡ್ ಆದ ಮೇಲೆ ಒಂದು ಸಲ ತೂಗಿಸಿ ಚೀಟಿ ಇಟ್ಟುಕೊಳ್ಳಿ.

ಹಂತ 6: ದಂಡದ ಚರಿತ್ರೆ

ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟ್‌ನಲ್ಲಿ, ಅವರ ಅಸ್ತ್ರಂ ಆ್ಯಪ್‌ನಲ್ಲಿ ಗಾಡಿಯ ಬಾಕಿ ದಂಡ ನೋಡಬಹುದು. ಬೇರೆ ಕಡೆಯ ಚಲನ್‌ಗಳಿಗೆ ಪರಿವಾಹನ್‌ನ ಇ-ಚಲನ್ ಪೋರ್ಟಲ್ ಇದೆ. ಅಲ್ಲಿ ಚಾಸಿ ಅಥವಾ ಎಂಜಿನ್ ನಂಬರ್‌ನ ಕೊನೆಯ ಐದು ಅಂಕಿ ಕೇಳುತ್ತದೆ, ಆರ್‌ಸಿ ಕಾಪಿ ತರಿಸಿಕೊಂಡಿದ್ದರೆ ಅದು ನಿಮ್ಮ ಕೈಯಲ್ಲೇ ಇರುತ್ತದೆ.

ಎಷ್ಟು ಸಾವಿರ ಬಾಕಿ ಅನ್ನುವುದಕ್ಕಿಂತ ಯಾವುದಕ್ಕೆ ಬಿದ್ದ ದಂಡ ಅಂತ ನೋಡಿ. ನಮ್ಮ ಊರಿನಲ್ಲಿ ನೋ ಎಂಟ್ರಿ, ನೋ ಪಾರ್ಕಿಂಗ್ ದಂಡ ಇಲ್ಲದ ಲಾರಿ ಹುಡುಕುವುದು ಕಷ್ಟ. ಕಲಾಸಿಪಾಳ್ಯದಲ್ಲೋ ತರಗುಪೇಟೆಯಲ್ಲೋ ಲೋಡ್ ಇಳಿಸಲು ನಿಂತರೂ ಬೀಳುತ್ತದೆ, ಅದಕ್ಕೆ ಡ್ರೈವರ್‌ನನ್ನು ಕೆಟ್ಟವನು ಅನ್ನಲು ಆಗುವುದಿಲ್ಲ. ಆದರೆ ಅತಿವೇಗ, ಸಿಗ್ನಲ್ ಜಂಪ್, ಓಡಿಸುತ್ತಾ ಮೊಬೈಲ್, ಓವರ್‌ಲೋಡ್, ಇವು ಮೇಲಿಂದ ಮೇಲೆ ಬಿದ್ದಿದ್ದರೆ ಅದು ಆ ಮಾಲೀಕರ ಅಭ್ಯಾಸ. ನಮ್ಮಲ್ಲಿ ಸುರಕ್ಷತೆಯ ದಾಖಲೆ ಅಂತ ಸಾಮಾನ್ಯ ಜನರಿಗೆ ಸಿಗುವುದು ಹೆಚ್ಚುಕಮ್ಮಿ ಇಷ್ಟೇ, ಅದಕ್ಕೇ ಇದನ್ನು ಬಿಡಬೇಡಿ.

ಹಂತ 7: ಡ್ರೈವರ್

ಡಿಎಲ್ ನಂಬರ್, ಹುಟ್ಟಿದ ದಿನ ಎರಡನ್ನೂ ಪರಿವಾಹನ್‌ನಲ್ಲಿ ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ, ಯಾವ ವರ್ಗದ್ದು ಅಂತ ಬರುತ್ತದೆ. ಟ್ರಾನ್ಸ್‌ಪೋರ್ಟ್ ಅವಧಿಯನ್ನು ಬೇರೆಯಾಗಿ ತೋರಿಸುತ್ತದೆ, ಅದನ್ನೇ ನೋಡಿ. ಒಟ್ಟು ತೂಕ 7,500 ಕೆಜಿ ಒಳಗಿನ ಗಾಡಿಯನ್ನು ಎಲ್‌ಎಂವಿ (ಲಘು ವಾಹನದ) ಲೈಸೆನ್ಸ್‌ನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಅದರ ಮೇಲಿನ ಲಾರಿಗೆ ಹೆವಿ ಲೈಸೆನ್ಸ್ ಬೇಕೇ ಬೇಕು. ಥಿನ್ನರ್, ಆಸಿಡ್, ಗ್ಯಾಸ್ ಥರದ ಅಪಾಯದ ಮಾಲಿಗೆ ಲೈಸೆನ್ಸ್‌ನಲ್ಲಿ ಪ್ರತ್ಯೇಕ ಅನುಮತಿ ಇರಬೇಕು, ಅದಕ್ಕೆ ತರಬೇತಿ ಆಗಿರಬೇಕು. ಜಿಗಣಿ, ಬೊಮ್ಮಸಂದ್ರದ ಕೆಮಿಕಲ್‌ನವರು ಇದನ್ನು ತಪ್ಪಿಸಲೇಬಾರದು.

ಡ್ರೈವರ್ ಜೊತೆ ಎರಡು ನಿಮಿಷ ಮಾತಾಡಿ. ಎಲ್ಲಿಂದ ಬಂದಿರಿ, ನಿದ್ದೆ ಆಯ್ತಾ, ಊಟ ಆಯ್ತಾ ಅಂತ ಕೇಳಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಮೋಟಾರು ಸಾರಿಗೆ ಕೆಲಸಗಾರರ 1961ರ ಕಾಯ್ದೆಯಲ್ಲೇ ದಿನಕ್ಕೆ ಎಂಟು ಗಂಟೆ ಕೆಲಸ ಅಂತಿತ್ತು. ಮುಂಬೈಗೆ ಸಾವಿರ ಕಿಲೋಮೀಟರ್ ಹತ್ತಿರ. ಒಬ್ಬನೇ ಡ್ರೈವರ್‌ಗೆ "ನಾಳೆ ಸಂಜೆಗೆ ಮಾಲು ತಲುಪಬೇಕು" ಅಂತ ನಾವೇ ಹೇಳಿ ಕಳಿಸಿದರೆ ದಾಖಲೆ ನೋಡಿದ್ದೆಲ್ಲ ನೀರಿನಲ್ಲಿ ಹೋಮ. ಇ-ವೇ ಬಿಲ್ ಕೂಡ 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕದಲ್ಲಿ ಐದು ದಿನ ಕೊಡುತ್ತದೆ, ಅವಸರ ಮಾಡುವವರು ನಾವೇ ಅಲ್ವಾ.

ಹಂತ 8: ಗೇಟಿನಲ್ಲಿ ಹತ್ತು ನಿಮಿಷ

ಲಾರಿ ಒಳಗೆ ಬರುವ ಮೊದಲು ಮಾಡಿ. ಒಳಗೆ ಬಂದು ಅರ್ಧ ಲೋಡ್ ಆದ ಮೇಲೆ ವಾಪಸ್ ಕಳಿಸುವ ಧೈರ್ಯ ಯಾರಿಗೂ ಬರುವುದಿಲ್ಲ.

ನಂಬರ್ ಪ್ಲೇಟ್ ಮುಂದೆ ಹಿಂದೆ ಎರಡೂ ಒಂದೇ ಇದೆಯಾ, ಆ್ಯಪ್‌ನಲ್ಲಿ ಬಂದ ಕಂಪನಿ, ಮಾಡೆಲ್ ಇದೇನಾ ನೋಡಿ. ಮಾಲು ಸಮೇತ ಲಾರಿ ಕಾಣೆಯಾಗುವ ಮೋಸಗಳಲ್ಲಿ ಬೇರೆ ಗಾಡಿಯ ನಂಬರ್ ಹಾಕಿಕೊಂಡು ಬರುವುದು ಹಳೇ ದಾರಿ. ಅದಕ್ಕೆ ಒಂದೇ ಮದ್ದು, ಚಾಸಿ ನಂಬರ್. ಅದನ್ನು ಫ್ರೇಮಿನ ಕಬ್ಬಿಣದ ಮೇಲೆ ಕೊರೆದಿರುತ್ತಾರೆ, ಗ್ರೀಸು ಧೂಳು ಕೂತಿರುತ್ತದೆ, ಬಟ್ಟೆಯಲ್ಲಿ ಒರೆಸಿ ಟಾರ್ಚ್ ಬಿಟ್ಟರೆ ಓದಲು ಬರುತ್ತದೆ. ಎಲ್ಲಿದೆ ಅಂತ ಡ್ರೈವರ್‌ನನ್ನೇ ಕೇಳಿ, ನಿಜವಾದ ಡ್ರೈವರ್‌ಗೆ ಗೊತ್ತಿರುತ್ತದೆ. ಕೊನೆಯ ಐದು ಅಂಕಿ ಆರ್‌ಸಿಗೆ ಹೊಂದಬೇಕು. ಅಕ್ಷರಗಳ ಸುತ್ತ ಉಜ್ಜಿದ, ವೆಲ್ಡಿಂಗ್ ಮಾಡಿದ ಗುರುತು ಇದ್ದರೆ ಲೋಡ್ ಕೊಡಬೇಡಿ.

ಆಮೇಲೆ ಟೈರ್. ಮುಂದಿನ ಎರಡು ಮುಖ್ಯ, ಸವೆದು ನುಣ್ಣಗಾಗಿರಬಾರದು, ಪಕ್ಕದಲ್ಲಿ ಸೀಳಿರಬಾರದು. ಬ್ರೇಕ್ ಲೈಟ್, ಇಂಡಿಕೇಟರ್, ಹಿಂದಿನ ರಿಫ್ಲೆಕ್ಟರ್ ಟೇಪ್, ಹಿಂದೆ ಕೆಳಗಿನ ಅಡ್ಡ ಕಂಬಿ. ಕತ್ತಲಲ್ಲಿ ನಿಂತ ಲಾರಿಗೆ ಹಿಂದಿನಿಂದ ಬೈಕು, ಕಾರು ನುಗ್ಗುವ ಸುದ್ದಿ ಓದುತ್ತಲೇ ಇರುತ್ತೇವೆ. ಆ ಟೇಪು, ಆ ಕಂಬಿ ಇರುವುದೇ ಅದಕ್ಕೆ. ಭಾರದ ಮಾಲಾದರೆ ಬೆಲ್ಟ್, ಚೈನ್ ಎಷ್ಟಿವೆ ಅಂತ ಎಣಿಸಿ. ಬರೀ ಹಗ್ಗ ಇದ್ದರೆ ಒಪ್ಪಬೇಡಿ.

ಆರ್‌ಸಿ, ಡಿಎಲ್ ಅನ್ನು ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೆರೆದು ತೋರಿಸಿದರೆ ಸಾಕು, ಕಾನೂನಿನಲ್ಲಿ ಅದು ಒರಿಜಿನಲ್‌ಗೆ ಸಮ. ವಾಟ್ಸಾಪ್ ಫಾರ್ವರ್ಡ್ ಫೋಟೋ ಅದಕ್ಕೆ ಸಮ ಅಲ್ಲ. ಕೊನೆಗೆ ಗಾಡಿ ಮುಂದೆ ಡ್ರೈವರ್ ನಿಂತ ಒಂದು ಫೋಟೋ ತೆಗೆದುಕೊಳ್ಳಿ, ಕೇಳಿ ತೆಗೆಯಿರಿ.

ಹಂತ 9: ಎಲ್‌ಆರ್ ಸಹಿ ಮಾಡುವ ಮುಂಚೆ ಹಿಂದೆ ತಿರುಗಿಸಿ

ಎಲ್‌ಆರ್‌ನಲ್ಲಿ ಗಾಡಿ ನಂಬರ್, ಮಾಲಿನ ವಿವರ, ತೂಕ, ಬೆಲೆ ಬರೆದಿರಬೇಕು. ಇ-ವೇ ಬಿಲ್‌ನಲ್ಲೂ ಅದೇ ಗಾಡಿ ನಂಬರ್ ಇರಬೇಕು. ಹಿಂಬದಿಯ ಸಣ್ಣ ಅಕ್ಷರದಲ್ಲಿ "ಓನರ್ಸ್ ರಿಸ್ಕ್" ಅಂತ ಇರುತ್ತದೆ, ಅಂದರೆ ಹಾಳಾದರೆ ಮಾಲಿನ ಮಾಲೀಕರದ್ದೇ ಹೊಣೆ ಅಂತ. ಅದಕ್ಕಿಂತ ಮುಖ್ಯವಾದದ್ದು ಕ್ಯಾರೇಜ್ ಬೈ ರೋಡ್ ಕಾಯ್ದೆಯ 2011ರ ನಿಯಮ. ಮಾಲು ಹಾಳಾದರೆ ಟ್ರಾನ್ಸ್‌ಪೋರ್ಟ್‌ನವರ ಹೊಣೆ ಬಾಡಿಗೆಯ ಹತ್ತು ಪಟ್ಟು ಮಾತ್ರ. ನೀವು ಒಂಬತ್ತು ಲಕ್ಷದ ಮಷಿನ್ ಕಳಿಸಿ 22,000 ಬಾಡಿಗೆ ಕೊಟ್ಟಿದ್ದರೆ ಸಿಗುವುದು ಜಾಸ್ತಿ ಅಂದರೆ 2,20,000. ಪೂರ್ತಿ ಬೆಲೆಗೆ ಹೊಣೆ ಬೇಕಾದರೆ ಹೆಚ್ಚಿನ ರಿಸ್ಕ್ ದರ ಒಪ್ಪಿ ಬರೆಸಿಕೊಳ್ಳಬೇಕು. ತಡವಾದರೆ ಅವರ ಹೊಣೆ ಬಾಡಿಗೆ ಮೊತ್ತಕ್ಕೆ ನಿಲ್ಲುತ್ತದೆ.

"ಗಾಡಿಗೆ ಇನ್ಶೂರೆನ್ಸ್ ಇದೆಯಲ್ಲ" ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆ ಥರ್ಡ್ ಪಾರ್ಟಿ ಪಾಲಿಸಿ ರಸ್ತೆಯಲ್ಲಿ ಬೇರೆಯವರಿಗೆ ಆದ ಹಾನಿಗೆ. ನಿಮ್ಮ ಮಾಲಿಗೆ ನೀವೇ ಟ್ರಾನ್ಸಿಟ್ ಪಾಲಿಸಿ ಮಾಡಿಸಬೇಕು.

ಮನೆ ಶಿಫ್ಟ್ ಮಾಡುವವರಿಗೆ

ಪ್ಯಾಕರ್ಸ್ ಅಂಡ್ ಮೂವರ್ಸ್‌ನವರಿಗೂ ಮೇಲಿನದ್ದೆಲ್ಲ ಅನ್ವಯ. ಬಳಸಿದ ಮನೆ ಸಾಮಾನಿಗೆ ಇ-ವೇ ಬಿಲ್ ಬೇಕಿಲ್ಲ, ಅದರ ಹೆಸರಲ್ಲಿ ದುಡ್ಡು ಕೇಳಿದರೆ ಕೊಡಬೇಡಿ. ಸಾಮಾನಿನ ಪಟ್ಟಿ, ಪೂರ್ತಿ ರೇಟು, ಮಹಡಿ ಹತ್ತಿಸುವ ಕೂಲಿ ಎಲ್ಲ ಮೊದಲೇ ಬರವಣಿಗೆಯಲ್ಲಿ ಬರಲಿ. ಲೋಡ್ ಆದ ಮೇಲೆ ರೇಟು ಏರಿಸಿ ಸಾಮಾನು ಹಿಡಿದಿಟ್ಟುಕೊಳ್ಳುವುದು ಈ ವ್ಯವಹಾರದ ದೊಡ್ಡ ಕಾಟ. ಹಾಗಾದರೆ 112ಕ್ಕೆ ಫೋನ್ ಮಾಡಿ, ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಹಾಕಿ.

ಮಾಲು ಹಾಳಾಗಿ ಬಂದರೆ

ಇಳಿಸಿಕೊಳ್ಳುವವರು ಎಲ್‌ಆರ್ ಕಾಪಿಯಲ್ಲಿ ಏನು ಹಾಳಾಗಿದೆ ಅಂತ ಬರೆದೇ ಸಹಿ ಹಾಕಬೇಕು, "ಸರಿಯಾಗಿ ತಲುಪಿದೆ" ಅಂತ ಸಹಿ ಹಾಕಿ ಆಮೇಲೆ ಜಗಳ ಆಡಿದರೆ ಕಷ್ಟ. ಲಾರಿ ಮೇಲಿರುವಾಗಲೇ ಫೋಟೋ ತೆಗೆಯಲು ಹೇಳಿ. ಇನ್ಶೂರೆನ್ಸ್‌ನವರಿಗೆ ಅವತ್ತೇ ತಿಳಿಸಿ. ಕೋರ್ಟಿಗೆ ಹೋಗುವುದಾದರೆ ಮೊದಲು ಟ್ರಾನ್ಸ್‌ಪೋರ್ಟ್‌ನವರಿಗೆ ಲಿಖಿತ ನೋಟಿಸ್ ಕೊಡಬೇಕು. ಅದಕ್ಕೆ 180 ದಿನ ಸಮಯ. ಈ ದಿನಗಳನ್ನು ಮಾಲು ತಲುಪಿದ ದಿನದಿಂದ ಲೆಕ್ಕ ಹಾಕಬೇಡಿ, ಬುಕ್ ಮಾಡಿದ ದಿನದಿಂದ ಲೆಕ್ಕ ಹಾಕಿ. "ನೋಡೋಣ, ಮಾತಾಡೋಣ" ಅಂತ ಅವರು ಆರು ತಿಂಗಳು ತಳ್ಳಿದರೆ ಆ ಹಕ್ಕೇ ಹೋಗುತ್ತದೆ. ಅವರ ನಿರ್ಲಕ್ಷ್ಯದಿಂದಲೇ ಹಾಳಾಯಿತು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ, ಕಾಯ್ದೆ ಆ ಭಾರವನ್ನು ನಿಮ್ಮ ಮೇಲೆ ಹಾಕಿಲ್ಲ. ಮಾತುಕತೆ ನಡೆಯುತ್ತಿದ್ದರೂ ನೋಟಿಸ್ ಅನ್ನು ಸ್ಪೀಡ್ ಪೋಸ್ಟ್‌ನಲ್ಲಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಇರುವ ವಿಳಾಸಕ್ಕೂ ಎಲ್‌ಆರ್ ಮೇಲಿನ ವಿಳಾಸಕ್ಕೂ ಕಳಿಸಿ, ರಸೀದಿಯನ್ನು ಗಾಡಿ ದಾಖಲೆಗಳ ಜೊತೆ ಒಂದೇ ಫೈಲಿನಲ್ಲಿ ಇಡಿ.